ಹಗ್ಗಕ್ಕೆ ಸುತ್ತಿದ ಹಸಿರು ಅರಿವೆ

ಹಳೇ ಹುಬ್ಬಳ್ಳಿಯ ಕೇರಿಯ ನಲ್ಲಿ ಒಣಗಿದಾಗಲೆಲ್ಲ ಉಡಚವ್ವ ಕಾಳಿನ ವ್ಯಾಪಾರಿ ಮುರುಗೆಪ್ಪನ ಹಿತ್ತಲ ಬಾವಿಗೆ ಹೋಗುತ್ತಿದ್ದಳು. ಅವಳು ಬಾವಿ ಮುಟ್ಟುವಂತಿರಲಿಲ್ಲ. ಮನೆಯವರು ಯಾರಾದರೂ ಸೇದಿ, ಮೇಲಿನಿಂದ ಅವಳ ಕೊಡಕ್ಕೆ ಸುರಿಯಬೇಕು. ಅವರಿಗೆ ಪುರುಸೊತ್ತಾಗುವ ತನಕ ಕಾಯಬೇಕು. ಆದರೆ ಮುರುಗೆಪ್ಪ ಅಂಗಡಿಗೆ ಹೋದ ಮೇಲೆ ಅವನ ತಾಯಿ ಶಿವಲಿಂಗವ್ವ ಹಿತ್ತಲಿಗೆ ಬಂದು, "ಒಲಿ ಮ್ಯಾಲ ಹಾಲ ಇಟ್ಟೇನಿ, ಉಕ್ಕತೈತಿ" ಎಂದು ಒಳಗೆ ಹೋಗಿಬಿಡುತ್ತಿದ್ದರು. ಹಗ್ಗ ಗಾಲಿಯ ಮೇಲೆಯೇ ಇರುತ್ತಿತ್ತು. ಉಡಚವ್ವ ತಾನೇ ಸೇದಿಕೊಂಡು ಹೋದ ಮೇಲೆ ಅವರು ಹೊರಗೆ ಬರುತ್ತಿದ್ದರು. ಈ ಮಾತನ್ನು ಇಬ್ಬರೂ ಯಾವತ್ತೂ ಬಾಯಿಬಿಟ್ಟು ಆಡಿರಲಿಲ್ಲ. ಒಂದು ಬೆಳಿಗ್ಗೆ ಹಗ್ಗ ಹಿಡಿಯುವ ಕಡೆ, ಶಿವಲಿಂಗವ್ವನ ಹಳೆಯ ಇಳಕಲ್ ಸೀರೆಯ ಹಸಿರು ಅರಿವೆ ಸುತ್ತಿತ್ತು. ಉಡಚವ್ವನ ಅಂಗೈ ಸುಲಿದದ್ದು ಅವರ ಕಣ್ಣಿಗೆ ಬಿದ್ದಿರಬೇಕು.

ಉಡಚವ್ವನ ಮಗ ಅರ್ಜುನಪ್ಪ ಕಾಲೇಜಿನಲ್ಲಿ ಓದುತ್ತಿದ್ದ. ಅವನು, ಸಹಪಾಠಿ ಸುಲಭಾ ಮತ್ತು ಬೋರ್ಡು ಬರೆಯುವವರ ಮಗ ಅಬ್ದುಲಮಜೀದ ಸೇರಿ ಗೋಡೆಗಳ ಮೇಲೆ ಊರಿನ ಕಷ್ಟಗಳ ಚಿತ್ರ ಬರೆಯುತ್ತಿದ್ದರು. ಬೀಡಿ ಕಟ್ಟುವ ಹೆಂಗಸರನ್ನು ಬರೆದದ್ದಾಗಿತ್ತು. ಈಗ ನೀರಿನ ಸರದಿ. ಗುಲಾಬಸಾಬರು ತಮ್ಮ ಬಳೆ ಅಂಗಡಿಯ ಪಕ್ಕದ ಗೋಡೆ ಕೊಟ್ಟರು.

"ಬರೇ ದುಃಖ ಬರದ್ರ ಮಂದಿ ನೋಡಿ ಮುಂದ ಹೋಗ್ತಾರ. ಛಲೋದೊಂದು ತೋರಸೋಣು" ಎಂದಳು ಸುಲಭಾ.

ಬಾವಿಯ ಸಂಗತಿ ಬರೆಯಬಹುದೇ ಎಂದು ಅರ್ಜುನಪ್ಪ ತಾಯಿಯನ್ನು ಕೇಳಿದ. ಉಡಚವ್ವ, "ಅವ್ವಾರ ಮಾರಿ ಮಾತ್ರ ತಗೀಬ್ಯಾಡ್ರಿ" ಎಂದಳು.

"ಇಲ್ಲಬೇ, ನಿಂದೂ ತಗಿಯೂದಿಲ್ಲ."

"ನಂದು ತಗದ್ರೂ ಯಾರ್ ನೋಡ್ತಾರೋ" ಎಂದು ಅವಳು ನಕ್ಕಳು.

ಮೂವರೂ ಮಾತು ಉಳಿಸಿಕೊಂಡರು. ಹೆಂಗಸರಿಬ್ಬರನ್ನೂ ಬೆನ್ನು ತಿರುಗಿಸಿ ನಿಲ್ಲಿಸಿದರು. ಒಬ್ಬಳು ನೀರು ಸೇದುತ್ತಿದ್ದಾಳೆ, ಇನ್ನೊಬ್ಬಳು ಒಲೆಯ ಮುಂದೆ ಹಾಲು ಕಾಸುತ್ತಿದ್ದಾಳೆ. ಮಜೀದ ಹುಣಸೆ ಬೀಜದ ಅಂಟಿನಲ್ಲಿ ಹಸಿರು ಕಲಸಿದಾಗ ಅರ್ಜುನಪ್ಪ, "ಇನ್ನೊಂದೀಟ ಕರಿ ಹಾಕೋ, ಹಳೀ ಸೀರಿ ಅದು" ಎಂದ. ಹಗ್ಗದ ಅರಿವೆಯನ್ನು ಅವನೇ ಬರೆದ. ಚಿತ್ರದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಅದೇ.

ಮರುದಿನ ಓಣಿಯ ಹೆಂಗಸರು ನೋಡಲು ನಿಂತರು. ಅವರು ಮುಖ ಹುಡುಕಲೇ ಇಲ್ಲ.

"ಇದು ಶಿವಲಿಂಗವ್ವನ ಸೀರಿ ಅಲ್ಲೇನ?" ಎಂದಳು ಮುರುಗೆಪ್ಪನ ಎದುರು ಮನೆಯ ಬಾಳವ್ವ. "ಹಾಲೂ ಐತಿ ನೋಡ್ರಿ. ಮುದುಕಿ ದಿನಾ ಅಷ್ಟ್ಯಾಕ ಹಾಲ ಕಾಸ್ತಾಳ ಅಂತಿದ್ವಿ."

ಎಲ್ಲರೂ ನಕ್ಕರು. ಆ ನಗುವಿನಲ್ಲಿ ಕೆಡುಕೇನೂ ಇರಲಿಲ್ಲ. ಆದರೆ ಸಂಜೆಗೆ ಅದು ಮುರುಗೆಪ್ಪನ ಅಂಗಡಿ ಮುಟ್ಟಿತು.

ಸುದ್ದಿ ತಿಳಿದ ಕೂಡಲೇ ಮೂವರೂ ಚಿತ್ರದ ಮೇಲೆ ಸುಣ್ಣ ಬಳಿದರು. ಗುಲಾಬಸಾಬರು ಏನೂ ಕೇಳದೆ ಸುಣ್ಣದ ಬಕೆಟ್ ತಾವೇ ಹೊತ್ತು ತಂದರು; ಚಹಾ ತರಿಸಿದರು, ಯಾರೂ ಕುಡಿಯಲಿಲ್ಲ. ಆಮೇಲೆ ಅರ್ಜುನಪ್ಪ ಮತ್ತು ಸುಲಭಾ ಮುರುಗೆಪ್ಪನ ಮನೆಗೆ ಹೋದರು.

"ಅಳಿಸೇವ್ರಿ ಕಾಕಾ" ಎಂದಳು ಸುಲಭಾ.

"ಗ್ವಾಡಿಗೆ ಸುಣ್ಣ ಬಳದ್ರಿ. ಮಂದಿ ಕಣ್ಣಿಗೆ ಏನ್ ಬಳೀತೀರಿ?" ಮುರುಗೆಪ್ಪ ದನಿ ಏರಿಸಲಿಲ್ಲ. "ಇಷ್ಟ ದಿನ ನೀರ ಸುರದರ ಕೊಡತಿದ್ವಿ. ಇನ್ನ ಅದೂ ಇಲ್ಲ."

"ಕಾಯ್ದೆ ಐತ್ರಿ" ಎಂದಳು ಸುಲಭಾ.

"ಕಾಯ್ದೆ ನಿಮ್ಮ ನಲ್ಲಿಗೆ ಹೇಳವಾ, ನೀರ ಬಿಡಲಿ."

ಬೆಳಿಗ್ಗೆ ಉಡಚವ್ವ ಖಾಲಿ ಕೊಡ ಹಿಡಿದು ಅದೇ ದಾರಿಯಲ್ಲಿ ಹೋದಳು. ಹಿತ್ತಲ ಬಾಗಿಲು ತೆರೆದಿತ್ತು. ಬಾವಿಗೆ ಹಲಗೆ ಮುಚ್ಚಿ ಬೀಗ ಹಾಕಿದ್ದರು, ಗಾಲಿಯಲ್ಲಿ ಹಗ್ಗವಿರಲಿಲ್ಲ. ಶಿವಲಿಂಗವ್ವ ಹೊಸ್ತಿಲ ಒಳಗೆ ಕೂತಿದ್ದರು. ಅವರ ಹಿಂದೆ ಸೊಸೆ ನಿಂತಿದ್ದಳು.

"ಈಗ ಹಾಲ ಸೊಸಿ ಕಾಸ್ತಾಳವಾ" ಎಂದರು ಶಿವಲಿಂಗವ್ವ.

"ಇರ್ಲಿ ಬಿಡ್ರಿ ಅವ್ವಾರ" ಎಂದು ಉಡಚವ್ವ ದೂರದ ಕೆರೆಯ ಕಡೆ ತಿರುಗಿದಳು.

ಅವಳು ಮರಳಿ ಬಂದಾಗ ಮಧ್ಯಾಹ್ನವಾಗಿತ್ತು. ಅರ್ಜುನಪ್ಪ ಕಾಲೇಜಿಗೆ ಹೋಗಿರಲಿಲ್ಲ. ಕೊಡ ಇಳಿಸಲು ಬಂದ ಮಗನ ಉಗುರು ಸಂದಿಯ ಹಸಿರನ್ನು ಅವಳು ನೋಡಿದಳು.

"ಕೈ ತೊಳಕೋತೀನಿ, ಒಂದ ತಂಬಿಗಿ ಹಾಕಬೇ" ಎಂದ ಅವನು.

ಉಡಚವ್ವ ಕೊಡದೊಳಗೆ ಇಣುಕಿದಳು.

"ಕುಡ್ಯಾಕಷ್ಟ ಐತಪ್ಪಾ" ಎಂದು ತನ್ನ ಸೆರಗಿನಿಂದ ಅವನ ಬೆರಳುಗಳನ್ನು ಒಂದೊಂದಾಗಿ ಒರೆಸಿದಳು. ಬಣ್ಣ ಹೋಗಲಿಲ್ಲ.