ಕನ್ನಡಿಯಲ್ಲಿ ಕಾಣುವ ಕೈ

ಗುಡ್ರುನ್‌ಳನ್ನು ಮಾರುವ ಮಾತನ್ನು ವೆಂಡಲ್ ಎತ್ತಿದ್ದು ಬೆಳಗಿನ ತಿಂಡಿಯ ಹೊತ್ತಿಗೆ, ಮನೆಯಲ್ಲಿ ಉಪ್ಪು ಮುಗಿದಿದೆ ಅನ್ನುವಷ್ಟೇ ಸಲೀಸಾಗಿ.

ಮಾರ್ಲಿಸ್ ಕಾಫಿ ಲೋಟ ಕೆಳಗಿಟ್ಟಳು. ಗುಡ್ರುನ್ ಅಂದರೆ ಅವರಿಬ್ಬರೂ ಆಗ ಕೂತಿದ್ದ ಮನೆಗಾಡಿಯೇ. ಮೂವತ್ತು ಅಡಿ ಉದ್ದ, ಒಳಗೆ ಒಲೆ, ಹಾಸಿಗೆ, ಬಚ್ಚಲು. ಹೆಸರು ವೆಂಡಲ್‌ನ ಸೋದರತ್ತೆಯದು. ಆಕೆಯೂ ಹೀಗೆಯೇ ಅಗಲ, ನಿಧಾನ, ದಿಬ್ಬ ಹತ್ತುವಾಗ ಒಂದೇ ಸಮ ಏದುಸಿರು. ಮಿನೆಸೋಟದ ಹಿಮದಿಂದ ಅರಿಜೋನಾದ ಬಿಸಿಲಿಗೆ ಹದಿನೇಳು ಚಳಿಗಾಲ ಗಂಡಹೆಂಡಿರನ್ನು ಹೊತ್ತು ತಂದವಳು ಇವಳೇ.

"ಯಾಕಂತೆ ಮಾರೋದು?"

"ಟಯರ್ ಸವೆದಿದೆ. ಪೆಟ್ರೋಲ್ ಬೇರೆ ಒಂದೇ ಸಮ ಕುಡಿಯುತ್ತೆ."

"ಹದಿನೇಳು ವರ್ಷದಿಂದ ಕುಡೀತಾ ಇದಾಳೆ. ನಿಂಗೆ ಇವತ್ತು ಗೊತ್ತಾಯ್ತಾ?"

ವೆಂಡಲ್ ಜೇಬಿನಿಂದ ಒಂದು ಕಾಗದ ತೆಗೆದ. ಮೇಸಾ ಊರಿನಲ್ಲಿ ರೂಬೆನ್ ಎಸ್ಪಿನೋಸಾ ಎಂಬಾತನ ಹಳೆ ಗಾಡಿ ಮಾರುವ ಅಂಗಣವಿದೆ. ಗಾಡಿಯನ್ನು ಅಲ್ಲಿ ಬಿಟ್ಟು ಬಂದರೆ ಸಾಕು, ಗಿರಾಕಿ ಹುಡುಕಿ ಮಾರಿಕೊಡುತ್ತಾನೆ, ತನ್ನ ಪಾಲು ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾನೆ. ಮಾರಾಟವಾಗುವವರೆಗೆ ಗಾಡಿ ಇವರದೇ.

"ನಾವೇ ಮಾರೋಕೆ ಹೋದ್ರೆ ಕಂಡಕಂಡೋರೆಲ್ಲ ಬಂದು ಡ್ರಾಯರ್ ಎಳೀತಾರೆ, ನಮ್ಮ ಹಾಸಿಗೆ ಮೇಲೆ ಕೂತು ನೋಡ್ತಾರೆ," ಅಂದ ವೆಂಡಲ್.

"ಅಲ್ಲೂ ಕೂರ್ತಾರೆ ಮಾರಾಯ. ನಮ್ಮ ಕಣ್ಣಿಗೆ ಬೀಳಲ್ಲ, ಅಷ್ಟೇ."

ಕಣ್ಣು ಅಂದದ್ದೇ ತಡ, ವೆಂಡಲ್ ತಟ್ಟೆ ಎತ್ತಿಕೊಂಡು ತೊಳೆಯಲು ಎದ್ದ. ಮಾರುವ ನಿಜವಾದ ಕಾರಣ ಮಾರ್ಲಿಸ್‌ಗೆ ನವೆಂಬರಿನಿಂದಲೇ ಗೊತ್ತಿತ್ತು.

ಇಂಥ ಗಾಡಿಗಳು ತಂಗುವ ಬಯಲಿನಲ್ಲಿ ಮನೆಗಾಡಿಯನ್ನು ಹಿಂದಕ್ಕೆ ತಂದು ಅದರ ಜಾಗದಲ್ಲಿ ನಿಲ್ಲಿಸುವುದು ಇಬ್ಬರ ಕೆಲಸ. ಗಂಡ ಸ್ಟಿಯರಿಂಗ್ ಹಿಡಿಯುತ್ತಾನೆ, ಹೆಂಡತಿ ಹಿಂದೆ ನಿಂತು ಕೈಸನ್ನೆ ಮಾಡುತ್ತಾಳೆ, ಅವನು ಕನ್ನಡಿಯಲ್ಲಿ ಅವಳ ಕೈ ನೋಡಿಕೊಂಡು ಬರುತ್ತಾನೆ. ಎಷ್ಟೋ ದಾಂಪತ್ಯಗಳ ಬಂಡವಾಳ ಬಯಲಾಗುವುದು ಇಲ್ಲೇ. ಹೊಸ ಗಾಡಿ ಬಂತೆಂದರೆ ನೆರೆಯವರು ಮಡಚುವ ಕುರ್ಚಿ ಹಾಕಿಕೊಂಡು ನೋಡಲು ಕೂರುತ್ತಾರೆ, ಅಂಥ ಮಜಾ! ಆದರೆ ನಮ್ಮ ಈ ಇಬ್ಬರ ಮುಂದೆ ಅವರಿಗೆ ನಿರಾಸೆಯೇ. ಒಂದು ಕೂಗಿಲ್ಲ, ಒಂದು ಬೈಗುಳವಿಲ್ಲ. ನಿಯಮ ಒಂದೇ: ಕನ್ನಡಿಯಲ್ಲಿ ಅವಳು ಕಾಣದಿದ್ದರೆ ಗಾಡಿ ಅಲ್ಲೇ ನಿಲ್ಲಬೇಕು.

ಆ ನವೆಂಬರಿನಲ್ಲಿ ಎಡಗನ್ನಡಿಯ ನೇರಕ್ಕೇ ನಿಂತು ಅವಳು ತಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದಳು. ಅಂದರೆ ನಿಲ್ಲಿಸು. ಗುಡ್ರುನ್ ಬರುತ್ತಲೇ ಇದ್ದಳು. ಮಾರ್ಲಿಸ್ ಪಕ್ಕಕ್ಕೆ ಹಾರಿದಳು, ಹಿಂದಿದ್ದ ಊಟದ ಮೇಜು ಲಟಕ್ಕನೆ ಮುರಿಯಿತು. ವೆಂಡಲ್ ಇಳಿದು ಬಂದು, "ಇಲ್ಲಿ ಯಾವನಯ್ಯ ಮೇಜು ಇಟ್ಟೋನು?" ಎಂದು ಮೇಜಿನ ಮೇಲೆ ಹರಿಹಾಯ್ದ. ಮುಖ ಮಾತ್ರ ಬಿಳಿಚಿಕೊಂಡಿತ್ತು. ಆಮೇಲೊಮ್ಮೆ ಟಯರ್ ನೋಡಲು ಹೋಗುತ್ತೇನೆಂದು ಹೋಗಿ ಬಂದ ದಿನ ಅವನ ಅಂಗಿಯ ಜೇಬಿನಲ್ಲಿ ಅವಳಿಗೆ ಸಿಕ್ಕಿದ್ದು ಕಣ್ಣಿನ ಡಾಕ್ಟರ ಚೀಟಿ: ಎಡಗಣ್ಣಿನ ದೃಷ್ಟಿ ಹೋಗುತ್ತಿದೆ. ಅದನ್ನು ಅವಳು ತನ್ನ ಚೀಲದಲ್ಲಿ ಇಟ್ಟುಕೊಂಡಳು.

ಕೇಳಬಾರದಿತ್ತೇ ಈ ಹೆಂಗಸು? ಕೇಳಿದ್ದಳು, ಅವಳ ರೀತಿಯಲ್ಲಿ. "ಹೇಗಿದೀಯ?" ಅಂದಿದ್ದಳು. "ಪರವಾಗಿಲ್ಲ" ಅಂದಿದ್ದ. ಮಿನೆಸೋಟ ಕಡೆಯ ಗಂಡಸರು ಕಾಲು ಮುರಿದುಕೊಂಡು ಹಿಮದಲ್ಲಿ ಬಿದ್ದಿದ್ದರೂ ಪರವಾಗಿಲ್ಲ ಅನ್ನುವವರೇ. ಹೆಂಗಸರು ಇನ್ನೊಮ್ಮೆ ಕೇಳುವುದಿಲ್ಲ. ಥೂ, ಏನು ಮರ್ಯಾದೆಯೋ ಏನೋ! ಗಾಡಿ ಹೋಗಲಿ, ಗಂಡ ಅಷ್ಟು ದೊಡ್ಡ ಭಯವನ್ನು ಒಬ್ಬನೇ ಹೊತ್ತುಕೊಂಡಿದ್ದಾನಲ್ಲ, ಅದು ಅವಳನ್ನು ಕೊರೆಯುತ್ತಿತ್ತು.

ಮರುದಿನ ಬೆಳಗ್ಗೆ ಮೇಸಾಕ್ಕೆ ಹೊರಟರು. ನೇರ ರಸ್ತೆ, ಬಲಗಣ್ಣು ಚೆನ್ನಾಗಿತ್ತು. ಆದರೂ ಪಕ್ಕದಲ್ಲಿ ಕೂತ ಮಾರ್ಲಿಸ್ ಎಡಬದಿಗೆ ಬಂದ ಪ್ರತಿ ಲಾರಿಯನ್ನೂ ಗಟ್ಟಿಯಾಗಿ ಹೆಸರಿಸುತ್ತಾ ಬಂದಳು. "ಅಬ್ಬಾ, ಎಷ್ಟು ದೊಡ್ಡ ಹಳದಿ ಲಾರಿ ನೋಡು ಎಡಕ್ಕೆ!" ವೆಂಡಲ್ ಪ್ರತಿ ಸಲವೂ ಗಾಡಿಯನ್ನು ಚೂರು ಬಲಕ್ಕೆ ಸರಿಸಿದ.

ರೂಬೆನ್ ಎಸ್ಪಿನೋಸಾ ಒಳ್ಳೆಯ ಮನುಷ್ಯ. ಗುಡ್ರುನ್‌ಳ ಒಳಗೆಲ್ಲ ಓಡಾಡಿದ, ಛಾವಣಿ ಹತ್ತಿ ನೋಡಿದ, ನಲ್ಲಿ ತಿರುಗಿಸಿದ.

"ಹುಷಾರಾಗಿ ಇಟ್ಕೊಂಡಿದೀರಿ ಅಮ್ಮ. ಬೇಗ ಹೋಗುತ್ತೆ. ನಿಮ್ಮ ಸ್ವಂತ ಸಾಮಾನೆಲ್ಲ ತೆಗೀಬೇಕು. ಬಾಗಿಲ ಮೇಲಿನ ಆ ನಕ್ಷೇನೂ ಕೆರೆದುಬಿಡಿ."

ಹೋದ ಹೋದ ರಾಜ್ಯಕ್ಕೆ ಒಂದೊಂದು ಬಣ್ಣದ ಚೀಟಿ ಅಂಟಿಸಿದ್ದ ನಕ್ಷೆ ಅದು. "ಅದು ನಿಮಗೇನು ಮಾಡ್ತು?" ಅಂದಳು ಮಾರ್ಲಿಸ್.

"ಕೊಳ್ಳೋರಿಗೆ ಬೇರೆಯವರು ಸುತ್ತಿದ ಊರು ಬೇಡಮ್ಮ. ತಾವೇ ಸುತ್ತಬೇಕು ಅಂತಿರುತ್ತೆ."

ಆಮೇಲೆ ಅವನು ಒಂದು ನಮೂನೆ ಮುಂದಿಟ್ಟ. ವೆಂಡಲ್ ಅದನ್ನು ಬಲಕ್ಕೆ ಸರಿಸಿಕೊಂಡು ಬರೆಯುತ್ತಾ ಹೋದ. ವರ್ಷ, ಓಡಿದ ಮೈಲಿ, ಎಂಜಿನ್. ಕೊನೆಯ ಸಾಲಿಗೆ ಬಂದು ಪೆನ್ನು ನಿಂತಿತು. 'ಮಾರುತ್ತಿರುವ ಕಾರಣ.'

"ಟಯರ್ ಅಂತ ಬರಿ," ಅಂದಳು ಮಾರ್ಲಿಸ್, ಬೇಕೆಂತಲೇ.

"ಎಲ್ರೂ ಮೊದಲು ಕೇಳೋದೇ ಇದನ್ನ ಸರ್," ಅಂದ ರೂಬೆನ್. "ಇದ್ದದ್ದು ಇದ್ದ ಹಾಗೆ ಬರೀರಿ. ಕೆಳಗೆ ಸಹಿ ಬೇರೆ ಹಾಕ್ತೀರಲ್ಲ."

ನಲವತ್ತೊಂಬತ್ತು ವರ್ಷದ ಹಿಂದೆ ಕಟ್ಟಿಕೊಂಡ ಹೆಂಡತಿಗೆ ಪರವಾಗಿಲ್ಲ ಅಂತ ಸುಳ್ಳು ಹೇಳಬಲ್ಲ ಗಂಡಸಿಗೆ, ಸಹಿ ಹಾಕುವ ಕಾಗದದ ಮೇಲೆ ಸುಳ್ಳು ಬರೆಯಲು ಕೈ ಬರಲಿಲ್ಲ. ಊರಿನ ಚರ್ಚು ಅವನನ್ನು ಬೆಳೆಸಿದ್ದೇ ಹಾಗೆ. ಕೊನೆಗೆ ದಪ್ಪ ದಪ್ಪ ಅಕ್ಷರದಲ್ಲಿ ಬರೆದು, ಕಾಗದವನ್ನು ರೂಬೆನ್‌ಗೆ ಕೊಡದೆ ಹೆಂಡತಿಯ ಕಡೆಗೆ ತಳ್ಳಿದ.

'ಕನ್ನಡಿಯಲ್ಲಿ ಹೆಂಡತಿಯ ಕೈ ಕಾಣಿಸುತ್ತಿಲ್ಲ.'

ಮಾರ್ಲಿಸ್ ಓದಿದಳು. ಕಣ್ಣು ತುಂಬಿ ಬಂತು. ಮೊದಲು ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟಳು, ಆಮೇಲೆ ಅದೇ ಬೆನ್ನ ಮೇಲೆ ಕೈ ಇಟ್ಟಳು.

"ನಿನ್ನ ಮೇಲೇ ಹತ್ತಿಸಿಬಿಡ್ತಿದ್ದೆ ಕಣೇ ಅವತ್ತು," ಅಂದ ವೆಂಡಲ್. "ನಿದ್ದೇಲೂ ಅದೇ ಬರುತ್ತೆ."

"ಹೇಳೋಕೇನಾಗಿತ್ತು ನಿಂಗೆ, ಪೆದ್ದ? ನಾನೇನು ಹಾರಲಿಲ್ವಾ?"

ರೂಬೆನ್ ಪಾಪ, ಸುಮ್ಮನೆ ಬೀಗದ ಕೈ ಎಣಿಸಿದ. ಆಮೇಲೆ, "ಗಾಡೀನ ಹದಿನಾಲ್ಕನೇ ಸಾಲಿಗೆ ಹಿಂದಕ್ಕೆ ಹಾಕ್ಬೇಕು. ನಮ್ಮೋರನ್ನ ಕರೀಲಾ?" ಅಂದ.

"ಯಾರೂ ಬೇಡ," ಅಂದಳು ಮಾರ್ಲಿಸ್. "ವೆಂಡಲ್, ನೀನು ಹಿಂದೆ ಹೋಗಿ ನಿಂತ್ಕೊ."

"ನೀನು? ಇದನ್ನ ಒಂದು ದಿನಾನೂ ಮುಟ್ಟಿಲ್ಲ ನೀನು!"

"ಮದುವೆಗೆ ಮುಂಚೆ ಅಪ್ಪನ ಬೀಟ್‌ರೂಟ್ ಲಾರೀನ ಕೆಸರಲ್ಲಿ ಓಡಿಸ್ತಿದ್ದೋಳು ನಾನು. ಆಮೇಲೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಡಿ."

ಅವಳು ಆಸನವನ್ನು ಮುಂದಕ್ಕೆಳೆದುಕೊಂಡು ಕನ್ನಡಿ ಸರಿಪಡಿಸಿಕೊಂಡಳು. ಅಂಗಣದ ಕೆಲಸದವರು ಕಾಫಿ ಹಿಡಿದು ನೋಡಲು ಬಂದು ನಿಂತರು. ಎಡಗನ್ನಡಿಯಲ್ಲಿ ವೆಂಡಲ್ ಕಂಡ, ನೆಟ್ಟಗೆ ನಿಂತಿದ್ದ. ಎರಡು ಕೈಯೂ ಮೇಲೆದ್ದವು. ಬಾ, ಬಾ. ಸ್ವಲ್ಪ ಎಡಕ್ಕೆ. ನೇರ. ಇಷ್ಟು ಜಾಗ ಇದೆ, ಇಷ್ಟು, ಇಷ್ಟು. ಹದಿನೇಳು ವರ್ಷ ಅವಳು ಮಾಡಿದ ಸನ್ನೆಗಳೇ ಅವು, ಒಂದೂ ತಪ್ಪಿರಲಿಲ್ಲ. ಒಮ್ಮೆ ಅವನು ಬಲಬದಿ ನೋಡಲು ಸರಿದು ಕನ್ನಡಿಯಿಂದ ಮರೆಯಾದ. ಅವಳು ತಕ್ಷಣ ನಿಲ್ಲಿಸಿದಳು. ಅವನು ಮತ್ತೆ ಕಾಣಿಸಿಕೊಂಡು ತಲೆಯಾಡಿಸಿದ. ಎರಡು ಗಾಡಿಗಳ ನಡುವೆ ಗುಡ್ರುನ್ ಮೆಲ್ಲಗೆ, ಎಲ್ಲೂ ತಾಗದೆ ಸೇರಿಕೊಂಡಳು. ವೆಂಡಲ್ ತಲೆಯ ಮೇಲೆ ಕೈ ಅಡ್ಡ ಹಿಡಿದ.

ಅವನು ಕಿಟಕಿಯ ಕೆಳಗೆ ಬಂದು ನಿಂತಾಗ ಅವನ ಮುಖದಲ್ಲಿ ಈ ಚಳಿಗಾಲ ಪೂರ್ತಿ ಕಾಣದ ನಗು ಇತ್ತು.

"ಹೇಗಿತ್ತು?" ಅಂದಳು.

"ಪರವಾಗಿಲ್ಲ."

"ನಮೂನೆ ಎಲ್ಲಿ?"

ಸಹಿಯಿಲ್ಲದ ಕಾಗದ ಅವನ ಕೈಯಲ್ಲೇ ಇತ್ತು. ಅವಳು ಅದನ್ನು ಇಸಿದುಕೊಂಡು ನಾಲ್ಕಾಗಿ ಮಡಚಿ, ಕಣ್ಣಿನ ಡಾಕ್ಟರ ಚೀಟಿ ಇದ್ದ ತನ್ನ ಚೀಲಕ್ಕೆ ಹಾಕಿದಳು.

"ಒಳಗೆ ತಂದಾಯ್ತು," ಅಂದಳು ಮಾರ್ಲಿಸ್. "ಈಗ ಮುಂದೆ ಹೋಗಿ ನಿಂತು, ಹೊರಗೆ ತೆಗೆಯೋದು ಹೇಗೆ ಅಂತ ತೋರಿಸು."