ಕೊನೆಯ ಗಾಜಿನ ಪೆಟ್ಟಿಗೆ

“ಥೂ ಮುಂಡೆ, ತುಕ್ಕು ಇನ್ನೂ ಹಾಗೇ ಇದೆಯಲ್ಲೇ! ಹತ್ತು ಗಂಟೆಗೆ ಮಂತ್ರಿಗಳು ಬರ್ತಾರೆ. ನಿಮ್ಮಪ್ಪನ ಮನೆ ಪಾತ್ರೆ ಅಂದ್ಕೊಂಡ್ಯಾ?”

ಮೇಲ್ವಿಚಾರಕ ಹೀಗೆ ಉಗಿದದ್ದು ಸರಪಳಿಯ ವಿಷಯಕ್ಕೆ. ನೂರು ವರ್ಷದ ಹಿಂದೆ ಈ ಆಸ್ಪತ್ರೆಯಲ್ಲಿ ಹುಚ್ಚರ ಕಾಲಿಗೆ ಹಾಕುತ್ತಿದ್ದ ಸರಪಳಿ ಅದು. ನಾನು ಇಲ್ಲಿ ಬಟ್ಟೆ ಒಗೆಯುವವಳು. ಆದರೂ ಮೂರು ದಿನದಿಂದ ಇಟ್ಟಿಗೆ ಪುಡಿ ಹಾಕಿ ಅದನ್ನೇ ತಿಕ್ಕುತ್ತಿದ್ದೆ.

ಹಳೆಯ ವಾರ್ಡನ್ನು ಪ್ರದರ್ಶನದ ಕೋಣೆ ಮಾಡಿದ್ದರು. ಸಾಲಾಗಿ ಗಾಜಿನ ಪೆಟ್ಟಿಗೆಗಳು. ಮೊದಲನೆಯದರಲ್ಲಿ ದೆವ್ವ ಬಿಡಿಸುತ್ತಿದ್ದ ಬೆತ್ತ, ಎರಡನೆಯದು ಸರಪಳಿಗೆ. ಆಮೇಲೆ ಹುಚ್ಚರನ್ನು ಕೂರಿಸುತ್ತಿದ್ದ ತಣ್ಣೀರು ತೊಟ್ಟಿಯ ಮುಚ್ಚಳ, ತಲೆ ಹೊರಗಿರಲಿ ಅಂತ ಅದಕ್ಕೊಂದು ತೂತು. ಅದರ ಪಕ್ಕ ಕರೆಂಟು ಕೊಡುತ್ತಿದ್ದ ಡಬ್ಬ. ಕೊನೆಯದು ಖಾಲಿ. ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದರು: “ಇಂದು ಇಲ್ಲಿ ಯಾರನ್ನೂ ಕಟ್ಟುವುದಿಲ್ಲ.” ಓದಿದಾಗ ನಗು ಬಂತು.

ಯಾಕೆಂದರೆ ಕಟ್ಟುವ ಪಟ್ಟಿ ಹರಿಯುವವಳು ನಾನೇ. ಹಳೆಯ ಬೆಡ್‌ಶೀಟನ್ನು ನಾಲ್ಕು ಬೆರಳಗಲಕ್ಕೆ ಉದ್ದುದ್ದ ಹರಿದು, ತುದಿಗೆ ಆ ತಿಂಗಳ ಮೊಹರು ಒತ್ತಿ, ಹಿಂಬದಿಯ ವಾರ್ಡಿಗೆ ಕೊಡಬೇಕು. ಆ ವಾರ್ಡಿನಲ್ಲಿ ನನ್ನ ತಮ್ಮ ಇದ್ದಾನೆ. ಊಟ ಸಾಲದು ಅಂತ ತಟ್ಟೆ ಬಡಿದದ್ದಕ್ಕೆ ನಾಲ್ಕು ದಿನದಿಂದ ಮಂಚಕ್ಕೆ ಬಿಗಿದಿದ್ದಾರೆ, ನಾನು ಹರಿದ ಪಟ್ಟಿಯಿಂದಲೇ.

“ಸಾರ್, ಇವತ್ತೊಂದಿನ ಅವನನ್ನ ಬಿಚ್ಚಿಸಿ. ಮಣಿಕಟ್ಟು ಕೀವಾಗಿದೆ.”

“ಮಂತ್ರಿಗಳ ಮುಂದೆ ಬಂದು ಕುಣೀಲಿ ಅಂತಾನಾ? ಬಾಯ್ಮುಚ್ಕೊಂಡು ತಿಕ್ಕು. ಇಲ್ಲಾಂದ್ರೆ ಆ ಹುಚ್‌ ನನ್ಮಗನ ಜೊತೆ ನಿನ್ನೂ ಇವತ್ತೇ ಗೇಟಿಂದಾಚೆ ತಳ್ತೀನಿ.”

ಒಗೆದ ಬಟ್ಟೆ ಹೊತ್ತು ಹಿಂಬದಿಯ ವಾರ್ಡಿಗೆ ಹೋದೆ. ಕಾವಲಿನವನು ಮಂತ್ರಿಯ ಕಾರು ನೋಡಲು ಓಡಿದ್ದ. ತಮ್ಮ ಸೂರು ನೋಡುತ್ತ ಮಲಗಿದ್ದ.

“ಅಕ್ಕಾ, ಬೆಳಗಿಂದ ಮೂಗು ತುರಿಸ್ತಿದೆ. ಸ್ವಲ್ಪ ಕೆರೀತೀಯಾ?”

ಅಷ್ಟೇ ಅವನು ಕೇಳಿದ್ದು. ಬಿಡಿಸು ಅಂತ ಕೇಳಲಿಲ್ಲ, ನನ್ನನ್ನು ಬೈಯಲೂ ಇಲ್ಲ.

“ನೀನೇ ಕೆರ್ಕೊಳ್ಳೋ, ನನ್ನಪ್ಪಾ,” ಅಂತ ಗಂಟು ಬಿಚ್ಚಿದೆ. ಚರ್ಮಕ್ಕೆ ಅಂಟಿದ್ದ ಪಟ್ಟಿ ರಕ್ತದ ಸಮೇತ ಬಂತು. ಅವನನ್ನು ಎಬ್ಬಿಸಿ, ಜೊತೆಗೇ ಪ್ರದರ್ಶನದ ಕೋಣೆಗೆ ಕರೆತಂದೆ.

ಗಾಜು ಒರೆಸಲಿ ಅಂತ ಪೆಟ್ಟಿಗೆಗಳ ಬೀಗದ ಕೈ ನನಗೇ ಕೊಟ್ಟಿದ್ದರು. ಆ ಪಟ್ಟಿಯನ್ನು ಮೊಹರು ಮೇಲೆ ಬರುವಂತೆ ಕೊನೆಯ ಪೆಟ್ಟಿಗೆಯಲ್ಲಿ ಹರಡಿ, ಬೀಗ ಹಾಕಿ, ಬೀಗದ ಕೈಯನ್ನು ಬಚ್ಚಲ ತೂತಿಗೆ ಎಸೆದೆ.

ಮಂತ್ರಿ ಬಂದರು. ಸರಪಳಿಯ ಮುಂದೆ ನಿಂತು, “ಛೇ, ಎಂಥ ಕಟುಕರು ಆಗಿನವರು!” ಅಂದರು. ಕೊನೆಯ ಪೆಟ್ಟಿಗೆಯ ಹತ್ತಿರ ಬಗ್ಗಿ ಕನ್ನಡಕ ಸರಿಮಾಡಿಕೊಂಡರು.

“ಇದು ಯಾವ ಕಾಲದ್ದು?”

“ತುಂಬಾ ಹಳೇದು ಸಾರ್,” ಅಂದ ಮೇಲ್ವಿಚಾರಕ. ಅವನ ಮುಖದಲ್ಲಿ ನೀರಿಳಿಯುತ್ತಿತ್ತು.

“ಮೊಹರು ಓದಿ ಸ್ವಾಮಿ. ಈ ತಿಂಗಳದ್ದು,” ಅಂದೆ, ತಮ್ಮನ ಜೊತೆ ಬಾಗಿಲಲ್ಲಿ ನಿಂತು.

ಎಲ್ಲರೂ ತಿರುಗಿದರು. ಹಿಂದಿನಿಂದ ಕಾವಲಿನವನು ಹೊಸ ಪಟ್ಟಿ ಹಿಡಿದು ಓಡಿ ಬಂದ. ನಾನು ತಮ್ಮನಿಗೆ ಅಡ್ಡ ನಿಂತೆ. ತಮ್ಮ ಮಾತ್ರ ಯಾರನ್ನೂ ನೋಡಲಿಲ್ಲ. ಕೀವು ಸೋರುವ ಎರಡೂ ಕೈ ಎತ್ತಿ, ಆರಾಮಾಗಿ ಮೂಗು ಕೆರೆದುಕೊಳ್ಳುತ್ತಿದ್ದ.