ಬಾಯ್ದೆರೆದ ಹಾಯಿದೋಣಿ

೨೦೦೩ನೆಯ ಇಸವಿ, ಫೆಬ್ರುವರಿ ೧೧. ಹಲಗೆಗಳ ನಡುವಿನ ಬಿರುಕುಗಳು ಇಪ್ಪತ್ತಾರು.

ಸೂರತ್ತಿನ ಮಗದಲ್ಲಾದಲ್ಲಿ, ತಾಪಿಯ ದಡದ ತಗಡಿನ ಚಪ್ಪರದ ಕೆಳಗೆ, ಖುರ್ಷೇದ್‌ಬಾಯಿಯವರ ತೇಗದ ಹಾಯಿದೋಣಿಯನ್ನು ವಿಮೆಯ ಸರ್ವೇಯರನಾಗಿ ಅಳೆದೆ. ಅವರ ತಂದೆ ಪಂದ್ಯಕ್ಕೂ ವಿಹಾರಕ್ಕೂ ಎಂದು ೧೯೩೨ರಲ್ಲಿ ಕಟ್ಟಿಸಿದ್ದು. ಉದ್ದ ಇಪ್ಪತ್ತೆರಡು ಅಡಿ. ನೀರಿಗಿಳಿಯದೆ ಹತ್ತೊಂಬತ್ತು ವರ್ಷವಾಗಿತ್ತು. ತೇಲುತ್ತದೆ ಎಂದು ನಾನು ಬರೆದುಕೊಟ್ಟರೆ ಮಾತ್ರ ಮಕರಪುರದ ಕಾರ್ಖಾನೆಯ ಮಾಲೀಕರೊಬ್ಬರು ಅದನ್ನು ಕೊಳ್ಳುವವರಿದ್ದರು. ಇಲ್ಲವಾದರೆ ೨೨ನೆಯ ತಾರೀಖು ಉಧ್ನಾದ ಮರದ ವ್ಯಾಪಾರಿ ಬಂದು ಒಡೆದು ಒಯ್ಯುತ್ತಿದ್ದ.

ಬಿರುಕೊಂದಕ್ಕೆ ಎರಡು ಮಿಲಿಮೀಟರಿನಂತೆ ಒಟ್ಟು ಐವತ್ತೆರಡು. ಎರಡು ಅಂಗುಲಕ್ಕೂ ಮಿಗಿಲಾಗಿ ಬಾಯ್ದೆರೆದ ದೋಣಿ ತೇಲದೆಂದು ಬರೆದು ರುಜು ಹಾಕಿದೆ.

ದುರಸ್ತಿಗೆಂದು ಬಂದಿದ್ದ ಗಂಗೊಳ್ಳಿಯ ದೋಣಿ ಬಡಗಿ ದೊಡ್ಡಣ್ಣ ನಕ್ಕುಬಿಟ್ಟ.

“ನೀವು ಅಳೆದದ್ದು ಒಣಗಿದ್ದನ್ನ ಮಾರಾಯ್ರೆ. ನೀರು ಕುಡಿಸಿ ನೋಡಿ, ಹಲಗೆ ಉಬ್ಬಿ ಮುಚ್ಕೊಳ್ತದೆ.”

“ಎಷ್ಟು ದಿನ?”

“ಎಂಟೋ ಹತ್ತೋ. ಮರ ಕ್ಯಾಲೆಂಡರ್ ನೋಡ್ತದಾ?”

“ಎಂಟೋ ಹತ್ತೋ ಎನ್ನುವುದು ಲೆಕ್ಕವಲ್ಲ.”

“ಹಾಗಾರೆ ಒಂಬತ್ತು ಅಂತ ಬರ್ಕೊಳ್ಳಿ.”

ಖುರ್ಷೇದ್‌ಬಾಯಿ ದೊಡ್ಡಣ್ಣನ ಮಾತನ್ನು ನನ್ನಿಂದ ಕೇಳಿ ತಿಳಿದು, ನನ್ನ ವರದಿಯನ್ನು ಮಡಿಚಿ ಹಿಂದಿರುಗಿಸಿದರು. “ಒಂಬತ್ತು ದಿನ ಇದು ನಿಮ್ಮ ಜೇಬಿನಲ್ಲೇ ಇರಲಿ, ಸಾಹೇಬ್,” ಎಂದರು ಹಿಂದಿಯಲ್ಲಿ.

ಮರುದಿನ ಹಗ್ಗ ಬಿಗಿದು ನದಿಗಿಳಿಸಿದೆವು. ಒಂದು ಗಂಟೆಯೊಳಗೆ ದೋಣಿ ಅಂಚಿನವರೆಗೆ ತುಂಬಿತು.

“ಮುಳುಗಿತು,” ಎಂದೆ.

“ಸ್ನಾನಕ್ಕೆ ಇಳಿದಿದೆ ಅನ್ನಿ,” ಎಂದ ದೊಡ್ಡಣ್ಣ.

ಖುರ್ಷೇದ್‌ಬಾಯಿ ನಗಲಿಲ್ಲ. ಕುರ್ಚಿ ತರಿಸಿಕೊಂಡು ದಡದಲ್ಲೇ ಕುಳಿತರು. ಆಮೇಲೂ ದಿನಾ ಬಂದರು.

ದಿನಕ್ಕೊಮ್ಮೆ ನೀರನ್ನೆಲ್ಲ ಮೊಗೆದುಹಾಕಿ, ಗಂಟೆಯೊಂದರಲ್ಲಿ ಮತ್ತೆಷ್ಟು ಒಸರಿತೆಂದು ಎಣಿಸಿದೆ. ಮೂರನೆಯ ದಿನ ಅರವತ್ತನಾಲ್ಕು ಬಕೆಟ್ಟು. ಆರನೆಯ ದಿನ ಹದಿನೇಳು. ಒಂಬತ್ತನೆಯ ದಿನ ಅರ್ಧ ಬಕೆಟ್ಟೂ ಸಿಗಲಿಲ್ಲ. ಉಕ್ಕಿನ ಪಟ್ಟಿಯನ್ನು ಹಲಗೆಗಳ ನಡುವೆ ತೂರಿಸಲು ನೋಡಿದೆ, ಎಲ್ಲಿಯೂ ಹೋಗಲಿಲ್ಲ.

ಹೊಸ ವರದಿ ಬರೆದೆ. ಖುರ್ಷೇದ್‌ಬಾಯಿ ಅದನ್ನು ಎರಡು ಬಾರಿ ಓದಿ, ದೋಣಿಯನ್ನೊಮ್ಮೆ ನೋಡಿ, ಮಕರಪುರಕ್ಕೆ ಫೋನು ಮಾಡಲು ಮನೆಗೆ ಹೋದರು. ಹಳೆಯ ವರದಿಯನ್ನು ದೊಡ್ಡಣ್ಣನ ಎದುರಿಗೇ ಹರಿದೆ.

“ತಪ್ಪು ನನ್ನದು.”

“ಅದನ್ನ ದೋಣಿಗೆ ಹೇಳಿ ಮಾರಾಯ್ರೆ. ನಂಗೊಂದು ಚಾ ಹೇಳಿ.”

ಒಪ್ಪಿದೆ. ಆದರೆ ನಾನು ಅಂಗಡಿಯತ್ತ ಹೊರಡುವಷ್ಟರಲ್ಲಿ ಖುರ್ಷೇದ್‌ಬಾಯಿಯವರ ಮನೆಯಿಂದಲೇ ಇಬ್ಬರಿಗೂ ಚಹಾ ಬಂತು. ಅದನ್ನೇ ಕುಡಿದೆವು. ನನ್ನದು ಬಾಕಿ ಉಳಿಯಿತು.